ತಕರಾರಿಲ್ಲ ಎಂದ ಸರ್ಕಾರಿ ವಕೀಲರು

ಮೊನ್ನೆ ಹೊಸಪೇಟೆಯ ಕೋರ್ಟಿನಲ್ಲಿ ನಾವೆಲ್ಲ ಎದ್ದು ನಿಂತೆವು. ಫ್ಯಾನಿನ ಸದ್ದು ಬಿಟ್ಟರೆ ಇನ್ನೊಂದು ಸದ್ದಿರಲಿಲ್ಲ. ವಕೀಲರ ಸಂಘದ ಕಾರ್ಯದರ್ಶಿ ತೀರಿಕೊಂಡವರ ಬಗ್ಗೆ ನಾಲ್ಕು ಮಾತು ಓದಿದರು. ಮೆಟ್ರಿಯ ರೈತ ಕುಟುಂಬದಲ್ಲಿ ಹುಟ್ಟಿದವರು, ಬಹುಕಾಲ ಸರ್ಕಾರಿ ವಕೀಲರಾಗಿದ್ದವರು, ಮೆತ್ತಗೆ ಮಾತಾಡುತ್ತಿದ್ದವರು. ಓದಿದ್ದೆಲ್ಲ ನಿಜವೇ. ಆದರೆ ಕಣ್ಣು ಮುಚ್ಚಿ ನಿಂತ ನನಗೆ ಕಂಡದ್ದು ಸಂಡೂರಿನ ಒಂದು ಗುಡ್ಡ. ಬೆಳಗಿನ ಮಂಜಿನಲ್ಲಿ ಅರ್ಧ ಕರಗಿಹೋದ ಗುಡ್ಡ. ಅದರ ಇಳಿಜಾರಿನಲ್ಲಿ ಕರಿಕೋಟು ಹಾಕಿಕೊಂಡೇ ಒಂದು ಸಣ್ಣ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತ ಮನುಷ್ಯ.

ನಾನು ಅವರ ಕೈಕೆಳಗೆ ಕಲಿತವಳಲ್ಲ. ಚಿತ್ತವಾಡ್ಗಿಯ ನಮ್ಮ ಮನೆಯ ಮುಂದಿನ ಕೋಣೆಯನ್ನೇ ಕಚೇರಿ ಮಾಡಿಕೊಂಡು, ಸರ್ಕಾರದ ಮೇಲೆ ಕೇಸು ಹಾಕುವವರ ವಕಾಲತ್ತು ಹಿಡಿಯುತ್ತಿದ್ದವಳು. ಅವರು ಸರ್ಕಾರದ ಪರ. ಸೋಲುತ್ತಿದ್ದವಳು ಹೆಚ್ಚಾಗಿ ನಾನೇ.

ಎತ್ತರದ, ತೆಳ್ಳಗಿನ ಆಳು. ಮೊಣಕಾಲುದ್ದ ನೀರಿನಲ್ಲಿ ಹಾಯುವವರಂತೆ ಕಾಲೆತ್ತಿ ಎತ್ತಿ ಇಟ್ಟು ನಡೆಯುತ್ತಿದ್ದರು. ನಮ್ಮೂರಿನ ಕೆಂಧೂಳು ಕೂತು ಕೂತು ಅವರ ಕರಿಕೋಟು ಬಿಸಿಲಲ್ಲಿ ಕಂದು ಬಣ್ಣಕ್ಕೆ ತಿರುಗಿ ಕಾಣುತ್ತಿತ್ತು. ಕಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಹೊಸದಾಗಿ ವರ್ಗವಾಗಿ ಬಂದ ನ್ಯಾಯಾಧೀಶರೊಬ್ಬರು ಒಮ್ಮೆ, "ನಿದ್ದೆ ಬರುತ್ತಿದ್ದರೆ ಹೊರಗೆ ಹೋಗಿ ಮುಖ ತೊಳೆದು ಬನ್ನಿ" ಎಂದರು. ಇವರು ನಿಧಾನಕ್ಕೆ ಎದ್ದರು. "ನಿದ್ದಿ ಅಲ್ರಿ ಸ್ವಾಮಿ, ಕೇಳಾಕತ್ತೀನಿ. ಕಣ್ಣು ತೆರದ್ರ ನನ್ನ ಕಿವಿ ಕೆಲಸ ಬಿಡ್ತಾವ" ಎಂದು, ಅದುವರೆಗೆ ನಾನು ವಾದಿಸಿದ್ದನ್ನೆಲ್ಲ ನನಗಿಂತ ಚೆನ್ನಾಗಿ ತಿರುಗಿ ಹೇಳಿದರು. ಹೇಳಿ ಮುಗಿಸಿದ ಮೇಲೆ ಅದಕ್ಕೆ ಉತ್ತರವನ್ನೂ ಕೊಟ್ಟರು. ನಾನು ಸೋತೆ.

ಸರ್ಕಾರವನ್ನು ಅವರು ಸರ್ಕಾರ ಎನ್ನುತ್ತಿದ್ದುದು ಕೋರ್ಟಿನೊಳಗೆ ಮಾತ್ರ. ಹೊರಗೆ ಬಂದರೆ "ನಮ್ಮ ಯಜಮಾನ್ರು". ಇಲಾಖೆಗಳಿಂದ ಕಾಗದ ಬರುವುದು ತಡವಾದರೆ, "ನಮ್ಮ ಯಜಮಾನ್ರಿಗೆ ಕಿವಿ ಸ್ವಲ್ಪ ದೂರ" ಎನ್ನುವರು. ಯಾವುದಾದರೂ ಹುಚ್ಚು ಆದೇಶ ಬಂದರೆ, "ವಯಸ್ಸಾತ್ ನೋಡ್ರಿ, ಒಮ್ಮೊಮ್ಮೆ ಹಂಗ" ಎಂದು ಕೈ ತಿರುವಿ ಸುಮ್ಮನಾಗುವರು. ಮನೆಯ ಹಿರಿಯರ ತಪ್ಪನ್ನು ನೆರೆಯವರ ಮುಂದೆ ಮುಚ್ಚಿಕೊಳ್ಳುವ ಸೊಸೆಯ ಧ್ವನಿ ಅದು.

ಅವರ ಕೈಯಲ್ಲಿದ್ದ ದೊಡ್ಡ ಆಯುಧವೆಂದರೆ ಒಂದು ಸಣ್ಣ ಮಾತು: "ಸ್ವಾಮಿ, ನೋಟಿಸ್ ಇಲ್ಲ."

ವಕೀಲರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಪಕ್ಕದ ಮನೆಯವರ ಮೇಲೆ ದಾವೆ ಹಾಕಬೇಕಾದರೆ ಇವತ್ತೇ ಹಾಕಬಹುದು. ಸರ್ಕಾರದ ಮೇಲೆ ಹಾಗೆ ಆಗುವುದಿಲ್ಲ. ಮೊದಲು ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ತುರ್ತು ಇದ್ದರೆ ಕಾಯದೇ ಬರುತ್ತೇನೆಂದು ಕೋರ್ಟಿನ ಅನುಮತಿ ಕೇಳಬಹುದು, ಆದರೆ ಸರ್ಕಾರಿ ವಕೀಲರು ತಕರಾರು ತೆಗೆದರೆ ಆ ಅನುಮತಿ ಸುಲಭಕ್ಕೆ ಸಿಗುವುದಿಲ್ಲ. ದಾವೆ ಬಾಗಿಲಿನಿಂದಲೇ ವಾಪಸು. ಸರ್ಕಾರಕ್ಕೆ ಯೋಚಿಸಿ ತಪ್ಪು ತಿದ್ದಿಕೊಳ್ಳಲು ಸಮಯ ಇರಲಿ ಎಂದು ಮಾಡಿದ ಕಾನೂನು. ಯೋಚಿಸುವುದನ್ನು ನಾನಂತೂ ಕಂಡದ್ದು ಕಡಿಮೆ.

ಮೆಟ್ರಿಯ ಕಂತ್ರಾಟುದಾರನೊಬ್ಬನಿದ್ದ. ಕಾಲುವೆಯ ದಂಡೆ ಕಟ್ಟುವ ಸಣ್ಣ ಸಣ್ಣ ಕೆಲಸ ಹಿಡಿದು ಬದುಕುತ್ತಿದ್ದವನು. ಒಂದು ಕೆಲಸದಲ್ಲಿ ಇಲಾಖೆಯವರಿಗೂ ಅವನಿಗೂ ಮಾತಿಗೆ ಮಾತು ಬೆಳೆದು, ಅವನನ್ನು ಕೇಳದೆಯೇ ಹೆಸರನ್ನು ಕಪ್ಪುಪಟ್ಟಿಗೆ ಸೇರಿಸಿದರು. ಮುಂದಿನ ಟೆಂಡರು ಕರೆಯುವ ಮೊದಲು ಆ ಆದೇಶಕ್ಕೆ ತಡೆ ಬೇಕಿತ್ತು. ನನ್ನ ಕಡೆ ಬಂದ. ನಾನು ತುರ್ತು ಅರ್ಜಿ ಹಾಕಿದೆ. ಇವರು ಎದ್ದು, ತಮ್ಮ ಊರಿನವನನ್ನೇ ನೋಡುತ್ತ, "ಸ್ವಾಮಿ, ನೋಟಿಸ್ ಇಲ್ಲ" ಎಂದರು. ದಾವೆ ವಾಪಸು ಬಂತು. ನೋಟಿಸು ಕೊಟ್ಟು ಕಾಯುವಷ್ಟರಲ್ಲಿ ಆ ವರ್ಷದ ಕೆಲಸಗಳೆಲ್ಲ ಬೇರೆಯವರ ಪಾಲಾಗಿದ್ದವು. ಅವನು ಟ್ರ್ಯಾಕ್ಟರು ಮಾರಿ, ಚಿತ್ತವಾಡ್ಗಿಗೆ ಬಂದು ಆಟೋ ಓಡಿಸತೊಡಗಿದ.

ಒಂದು ಸಂಜೆ ಇವರು ಬಸ್‌ಸ್ಟ್ಯಾಂಡಿನಲ್ಲಿ ಹತ್ತಿದ ಆಟೋ ಅವನದೇ ಆಗಿತ್ತು. ಮಲಪನಗುಡಿಯ ಮನೆಯ ತನಕ ಅವನು ಮೆಟ್ರಿಯ ಮಳೆ-ಬೆಳೆ, ಯಾರ ಮನೆಯ ಮದುವೆ, ಇಂಥದ್ದನ್ನೇ ಮಾತಾಡಿದನಂತೆ. ಇವರು ಇಳಿಯುವಾಗ, "ನೀವು ನಿಮ್ಮ ಕೆಲಸ ಮಾಡಿದ್ರಿ ಸಾಹೇಬ್ರ, ಮನಸಿಗೆ ಹಚ್ಕಬ್ಯಾಡ್ರಿ" ಎಂದನಂತೆ.

ಇದನ್ನು ನನಗೆ ಹೇಳಿದವರು ಅವರೇ. ಕೋರ್ಟಿನ ಹಿಂದಿನ ಚಹಾದಂಗಡಿಯಲ್ಲಿ ಗ್ಲಾಸು ಹಿಡಿದುಕೊಂಡು ಹೇಳಿದರು. "ಬೈದಿದ್ರ ಚಲೋ ಆಗ್ತಿತ್ತಮ್ಮ. ಬೈಲಿಲ್ಲ ಅವ." ಆಮೇಲೆ, ಬೇರೆ ಯಾರದೋ ವಿಷಯ ಹೇಳುವವರಂತೆ, "ಒಂದು ಕನಸು ಬೀಳ್ತೈತಿ ಈಗೀಗ. ನಮ್ಮೂರ ಕಾಲುವ್ಯಾಗ ನಿಂತಿರ್ತೀನಿ. ನೀರು ಎದಿಮಟ ಐತಿ. ಆದ್ರ ಮೈಗೆ ಹನಿ ನೀರು ಹತ್ತಂಗಿಲ್ಲ. ಅಂಗಿ ಹಿಂಡತೀನಿ, ಒಣದು. ಕೈಯಾಗ ತುಂಬಿ ಕುಡೀಬೇಕಂದ್ರ ಬಾಯಿ ಒಣದು" ಎಂದರು. ಚಹಾ ಆರಿಹೋಗಿತ್ತು.

ಭಾನುವಾರಗಳಲ್ಲಿ ಅವರು ಹಂಪಿಗೆ ಹೋಗುತ್ತಿದ್ದರು. ಮಲಪನಗುಡಿಯಿಂದ ಸೈಕಲ್ಲಿನಲ್ಲಿ ಹೋದರೂ ಮುಟ್ಟುವ ದೂರ. ದೇವರಿಗಾಗಿ ಅಲ್ಲ, ಹಿಂದೆ ದೊರೆಗಳು ಕೂರುತ್ತಿದ್ದ ಅರಮನೆ ಬಯಲಿನ ದಿಬ್ಬದ ನೆರಳಿಗೆ ಕೂರಲು. ಒಮ್ಮೆ ನೆಂಟರನ್ನು ಕರಕೊಂಡು ಹೋದಾಗ ನನಗೆ ಅಲ್ಲಿ ಸಿಕ್ಕರು. ಬಿಸಿಲು ಇಳಿಯುತ್ತಿತ್ತು. ಬಂಡೆಗಳೆಲ್ಲ ಒಳಗಿಂದ ದೀಪ ಹಚ್ಚಿದಂತೆ ಹೊಳೆಯುತ್ತಿದ್ದವು. ದಿಬ್ಬದ ಮೇಲೆ ಎರಡು ಆಡು, ದೊರೆಗಳ ಹಾಗೆ, ಕುತ್ತಿಗೆ ಎತ್ತಿ ಕೂತಿದ್ದವು.

"ನೋಡಮ್ಮ" ಎಂದರು. "ಇಲ್ಲಿ ಕುಂತವ್ರ ಮ್ಯಾಲ ದಾವೆ ಹಾಕಾಕ ಯಾರಿಗೆ ಸಾಧ್ಯ ಇತ್ತು? ರಾಜ ತಪ್ಪ ಮಾಡಂಗಿಲ್ಲ ಅಂತಿದ್ರು. ಈಗಿನ ನಮ್ಮ ಯಜಮಾನ್ರು ದೊಡ್ಡವರು. ನನ್ನ ಮ್ಯಾಲೂ ಕೇಸು ಹಾಕ್ರಿ ಅಂತ ತಾವ ಬರಕೊಟ್ಟಾರ, ಸಂವಿಧಾನದಾಗ. ಭಾಳ ದೊಡ್ಡ ಮಾತು ಅದು. ನಾ ಏನ್ ಮಾಡೀನಿ? ಅವರು ತೆಗೆದ ಬಾಗಲಕ್ಕ ಹೊರಗಿಂದ ಚಿಲಕ ಹಾಕ್ಕೋತ ಕುಂತೀನಿ."

"ಕಾನೂನು ಹಾಗಿದೆಯಲ್ಲ ಸರ್" ಎಂದೆ. ಸೋತವಳೇ ಗೆದ್ದವರಿಗೆ ಸಮಾಧಾನ ಹೇಳಿದ ಹಾಗಾಯಿತು.

"ಐತಿ" ಎಂದರು. "ಚಿಲಕ ಹಾಕಬಹುದು ಅಂತ ಐತಿ. ಹಾಕಲೇಬೇಕು ಅಂತ ಎಲ್ಲೈತಿ?"

ಹುಲಿಗೆಮ್ಮ ನನ್ನ ಕಚೇರಿಗೆ ಬಂದದ್ದು ಅದಾದ ಕೆಲವು ತಿಂಗಳಿಗೆ. ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಮಧ್ಯಾಹ್ನದ ಬಿಸಿಲು ಮಾತ್ರ ಬಂದಾಗಿತ್ತು. ಸಂಡೂರಿನ ಕಡೆಯ ಹೆಂಗಸು. ವಯಸ್ಸಿನಲ್ಲಿದ್ದಾಗ ಗಣಿಯಲ್ಲಿ ಅದಿರು ಒಡೆದು ಲಾರಿಗೆ ತುಂಬಿದವಳು. ಆ ಗಣಿ ನಿಂತುಹೋದ ಮೇಲೆ, ಬೋಳಾದ ಗುಡ್ಡದ ಮೇಲೆ ಗಿಡ ಹಚ್ಚಿ ಕೆಲವು ವರ್ಷ ನೋಡಿಕೊಳ್ಳುವ ಕರಾರನ್ನು ಒಂದು ಇಲಾಖೆ ಅವಳ ಮಹಿಳಾ ಸಂಘಕ್ಕೆ ಕೊಟ್ಟಿತ್ತು. ಹೆಂಗಸರು ಗುಂಡಿ ತೋಡಿ, ಕೆಳಗಿನಿಂದ ಮಣ್ಣು ಹೊತ್ತು, ಕಮರ, ಹೊಂಗೆ, ಬೇವು ಹಚ್ಚಿದ್ದರು. ಒಂದು ಬೇಸಿಗೆ ದಾಟಿಸಿದ್ದರು. ಅಷ್ಟರಲ್ಲಿ ಹೊಸ ಅಧಿಕಾರಿ ಬಂದರು. ಸಂಘದ ಕೆಲಸ ಸರಿಯಿಲ್ಲ, ಕರಾರು ರದ್ದು ಎಂದು ಒಂದು ಕಾಗದ ಕೊಟ್ಟು, ಗೇಟಿಗೆ ಬೀಗ ಹಾಕಿಸಿ, ನೀರಿನ ಟ್ಯಾಂಕರು ನಿಲ್ಲಿಸಿಬಿಟ್ಟರು. ಹೊರಗಿನ ದೊಡ್ಡ ಕಂಪನಿಯೊಂದು ಮಷೀನು ತಂದು ಇಳಿಜಾರನ್ನೆಲ್ಲ ಕೆರೆದು ಹೊಸದಾಗಿ ಹಚ್ಚುತ್ತದಂತೆ.

"ಲಾಯರಮ್ಮ, ನನಗೇನೂ ಕೊಡಸಬ್ಯಾಡ್ರಿ" ಎಂದಳು ಹುಲಿಗೆಮ್ಮ. "ಗೇಟು ತೆಗಸ್ರಿ ಸಾಕು, ನೀರು ಹಾಕಂತೀವಿ. ಆ ಗುಡ್ಡ ಕಡದು ಲಾರಿಗೆ ತುಂಬಿದಾಕಿ ನಾನ. ಈಗ ಹಚ್ಚಾಕ ಬಂದೀನಿ. ಇದೊಂದು ಬ್ಯಾಸಗಿ ದಾಟಿದ್ರ ಅವು ತಮ್ಮ ಬೇರು ತಾವ ನೋಡ್ಕಂತಾವ."

ಇಲಾಖೆಯ ಕಚೇರಿ ಹೊಸಪೇಟೆಯಲ್ಲಿದ್ದುದರಿಂದ ದಾವೆಯನ್ನು ಇಲ್ಲೇ ಹಾಕಿದೆ. ನೋಟಿಸು ಕೊಟ್ಟಿರಲಿಲ್ಲ, ಕೊಟ್ಟು ಕಾಯುವಂತೆಯೂ ಇರಲಿಲ್ಲ. ಎರಡು ತಿಂಗಳು ಕಾದರೆ ಕೇಸು ಇರುತ್ತದೆ, ಗಿಡ ಇರುವುದಿಲ್ಲ. ತುರ್ತು ಅನುಮತಿಯ ಅರ್ಜಿ ಇಟ್ಟು, ಸರ್ಕಾರಿ ವಕೀಲರ ಮೇಜಿನ ಕಡೆ ನೋಡಿದೆ. ಅರ್ಧ ಮುಚ್ಚಿದ ಕಣ್ಣು. ಅವರು ಅರ್ಜಿಯ ಪ್ರತಿ ತೆಗೆದುಕೊಂಡು, ತಕರಾರು ಸಲ್ಲಿಸಲು ಸ್ವಲ್ಪ ಸಮಯ ಕೇಳಿದರು. ಹೊರಗೆ ವರಾಂಡದಲ್ಲಿ ನನ್ನ ಹತ್ತಿರ ಬಂದು, "ಸ್ಥಳ ನೋಡಬೇಕು. ಅಧಿಕಾರಿಗಳನ್ನ ಕರಕೊಂಡು ಬರ್ತೀನಿ. ನೀವೂ ನಿಮ್ಮ ಪಾರ್ಟಿನ ಕರಕೊಂಡು ಬರ್ರಿ" ಎಂದರು. ಅವರು ಕೇಸಿಗಾಗಿ ಜಾಗ ನೋಡಲು ಹೊರಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ವಿಚಾರಣೆಯ ದಿನವೇ ನಸುಕಿನಲ್ಲಿ ಹೋದೆವು. ಅಲ್ಲಿಂದ ನೇರ ಕೋರ್ಟಿಗೆ ಬರಬೇಕಾಗಿದ್ದರಿಂದ ಅವರು ಕೋಟು ಹಾಕಿಕೊಂಡೇ ಬಂದಿದ್ದರು. ಸಂಡೂರಿನ ಕಣಿವೆಯ ತುಂಬ ಮಂಜು ನಿಂತಿತ್ತು. ಗುಡ್ಡಗಳು ನೆಲಕ್ಕೆ ತಾಗದೆ ತೇಲುತ್ತಿದ್ದ ಹಾಗೆ ಕಾಣುತ್ತಿದ್ದವು. ಗೇಟು ತೆಗೆಸಿ ಮೇಲೆ ಹತ್ತಿದೆವು. ಮಾತಾಡಿದರೆ ಮಾತು ಎಲ್ಲಿಂದ ಬಂತೆಂದು ಗೊತ್ತಾಗುತ್ತಿರಲಿಲ್ಲ. ಕಾಲ ಕೆಳಗಿನ ಕೆಂಪು ಮಣ್ಣು ಮಾತ್ರ ನಿಜ, ಉಳಿದದ್ದೆಲ್ಲ ಯಾರೋ ಅಳಿಸಿ ಅಳಿಸಿ ಬರೆದ ಹಾಗೆ. ಆ ಮಂಜಿನಲ್ಲಿ ಸಾಲು ಸಾಲು ಸಣ್ಣ ಗಿಡ, ಎಲೆ ಮುದುಡಿಕೊಂಡು ನಿಂತಿದ್ದವು.

ನಾನು ಹತ್ತಿರವೇ ಇದ್ದದ್ದು ಅಧಿಕಾರಿಗೆ ಕಾಣಲಿಲ್ಲವೆಂದು ತೋರುತ್ತದೆ. ಅವರ ಧ್ವನಿ ಸ್ಪಷ್ಟ ಕೇಳಿಸಿತು. "ಸರ್, ಇಷ್ಟೆಲ್ಲ ಯಾಕೆ? ನೋಟಿಸ್ ಇಲ್ಲ ಅನ್ನಿ ಸಾಕು. ಎರಡು ತಿಂಗಳಾದ ಮೇಲೆ ಇಲ್ಲಿ ಒಣಕಡ್ಡಿ ಬಿಟ್ರೆ ಏನೂ ಇರಲ್ಲ. ಕೇಸೂ ತಾನಾಗೇ ಸಾಯುತ್ತೆ."

"ಅದನ್ನ ಬರದು ಕೊಡ್ತೀರೇನ್ರಿ?" ಇವರ ಧ್ವನಿ.

"ಯಾವುದನ್ನ?"

"ಈಗ ಅಂದ್ರಲ್ಲ, ಅದನ್ನ. ಗಿಡ ಒಣಗೋತನಕ ನೋಟಿಸಿನ ತಕರಾರು ಹಿಡೀರಿ ಅಂತ."

ಅಧಿಕಾರಿ ನಕ್ಕರು. "ಅಂಥದ್ದನ್ನೆಲ್ಲ ಯಾರು ಬರೀತಾರೆ ಸರ್?"

"ಹಂಗಾದ್ರ ಬಿಡ್ರಿ" ಎಂದರು ಇವರು. ಅಷ್ಟೇ.

ಆಮೇಲೆ ಅವರು ಒಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಹುಲಿಗೆಮ್ಮ ಸ್ವಲ್ಪ ದೂರದಲ್ಲಿ, ಸೆರಗು ಹೊದ್ದು ನಿಂತಿದ್ದಳು. ಇವರು ಗಿಡದಿಂದ ಕಣ್ಣು ತೆಗೆಯದೆ ಕೇಳಿದರು. "ಇದು ಯಾವುದವ್ವಾ?"

"ಕಮರ ರೀ, ಅಪ್ಪಾರ."

"ಬದುಕ್ತೈತೇನು?"

"ನೀರು ಕಂಡ್ರ ಬದುಕ್ತೈತ್ರಿ."

"ಇನ್ನ ಎಷ್ಟ ದಿನ ತಡದೀತು?"

ಹುಲಿಗೆಮ್ಮ ಹತ್ತಿರ ಬಂದು, ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಕೆದರಿದಳು. "ತಡ್ಯಾದೆಲ್ಲ ತಡದೈತ್ರಿ ಇದು" ಎಂದಳು. "ಇನ್ನ ತಡ್ಯಂಗಿಲ್ಲ."

ಅವರು ಅಲ್ಲೇ ಕೂತಿದ್ದರು. ಮಂಜು ಹರಿದು, ಬಿಸಿಲು ಅವರ ಬೆನ್ನಿನ ಮೇಲೆ ಬಂತು. ಆಮೇಲೆ ಕೈಯೂರಿ ಎದ್ದು, ಅಂಗೈಗೆ ಹತ್ತಿದ ಕೆಂಪು ಮಣ್ಣನ್ನೂ ಕೊಡವದೆ ಇಳಿದು ಹೋದರು.

ಕೋರ್ಟಿನಲ್ಲಿ ನಮ್ಮ ಕೇಸು ಕೂಗಿದರು. ನಾನು ನೋಟಿಸಿನ ವಿಷಯಕ್ಕೆ ಉದ್ದನೆಯ ವಾದ ತಯಾರು ಮಾಡಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಅವರು ಎದ್ದರು. "ಸ್ವಾಮಿ, ನೋಟಿಸಿನ ಬಗ್ಗೆ ಸರ್ಕಾರದ ತಕರಾರಿಲ್ಲ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಇನ್ನೊಮ್ಮೆ ಹೇಳಿ."

"ನೋಟಿಸು ಸರ್ಕಾರದ ಅನುಕೂಲಕ್ಕೆ ಇರೋದು ಸ್ವಾಮಿ. ಆ ಅನುಕೂಲ ಸರ್ಕಾರಕ್ಕ ಈ ಕೇಸಿನಾಗ ಬ್ಯಾಡ. ಬಿಟ್ಟುಕೊಟ್ಟೀವಿ."

"ಹೀಗೆ ಬಿಟ್ಟುಕೊಡಲು ನಿಮಗೆ ಸೂಚನೆ ಇದೆಯೇ?"

"ಬಿಡ್ರಿ ಅಂತ ಸೂಚನೆ ಇಲ್ಲ. ಹಿಡೀರಿ ಅಂತಾನೂ ಇಲ್ಲ. ಬರದು ಕೊಡ್ರಿ ಅಂತ ಕೇಳಿದ್ದೆ, ಕೊಡಲಿಲ್ಲ." ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಧಿಕಾರಿ ಎದ್ದು ನಿಂತರು, ಮತ್ತೆ ಕೂತರು. ನ್ಯಾಯಾಧೀಶರು ಅವರನ್ನು ನೋಡಿದರು, ಇವರನ್ನು ನೋಡಿದರು, ಬರೆದುಕೊಂಡರು.

ಇಲ್ಲಿಗೆ ಮುಗಿಯಿತು, ಅವರು ನಮ್ಮ ಕಡೆ ವಾಲಿದರು ಎಂದುಕೊಂಡಿದ್ದ ನನಗೆ ಆಮೇಲೆ ಬಿಸಿ ತಾಗಿತು. ಬಾಗಿಲು ತೆರೆದ ಮನುಷ್ಯ ಒಳಗೆ ಕರೆದು ಕುಸ್ತಿಗೆ ನಿಂತರು. ಸಂಘದ ಕೆಲಸದಲ್ಲಿ ಎಲ್ಲೆಲ್ಲಿ ಗಿಡ ಸತ್ತಿವೆ, ಗುಡ್ಡದ ಯಾವ ಬದಿ ಖಾಲಿ ಬಿದ್ದಿದೆ, ಎಲ್ಲವನ್ನೂ ಆ ಬೆಳಿಗ್ಗೆ ಅರ್ಧಗಣ್ಣಲ್ಲೇ ನೋಡಿಟ್ಟುಕೊಂಡಿದ್ದರು. ಒಂದೊಂದಕ್ಕೂ ನಾನು ಬೆವರಿ ಉತ್ತರ ಕೊಡಬೇಕಾಯಿತು. ಹುಲಿಗೆಮ್ಮ ನನ್ನ ಹಿಂದೆ ನಿಂತು, "ಆ ಬದಿ ಬರೀ ಬಂಡೆ ಐತಿ ಅನ್ರಿ, ಬಂಡೆ ಐತಿ ಅನ್ರಿ" ಎಂದು ಪಿಸುಗುಡುತ್ತಿದ್ದಳು. ಸಂಜೆಯ ಹೊತ್ತಿಗೆ ಮಧ್ಯಂತರ ಆದೇಶವಾಯಿತು. ದಾವೆ ಮುಗಿಯುವ ತನಕ ಸಂಘದ ಕೆಲಸ ಮುಂದುವರಿಯಲಿ, ನೀರು ನಿಲ್ಲಿಸಬೇಡಿ. ಹೆಂಗಸರು ಕೋರ್ಟಿನ ಅಂಗಳದಲ್ಲೇ ಗಟ್ಟಿಯಾಗಿ ಮಾತಾಡಿಕೊಂಡು, ಬಸ್ಸು ತಪ್ಪುತ್ತದೆಂದು ಓಡಿದರು.

ಅವರ ನೇಮಕ ರದ್ದಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಹೊಸಬರೊಬ್ಬರು ಬಂದರು. ವಕೀಲರು ಕೂರುವ ಬಾರ್ ರೂಮಿನಲ್ಲಿ ಎರಡು ಮಾತು ಹುಟ್ಟಿದವು. ಹುಚ್ಚು ಹಿಡಿದೈತಿ ಎಂದವರು ಕೆಲವರು. ಏನೋ ತಗೊಂಡಾನ ಎಂದವರು ಇನ್ನು ಕೆಲವರು. ಎರಡನೆಯದು ಅವರ ಕಿವಿಗೂ ಬಿತ್ತು.

ಕುರ್ಚಿ ಹೋದದ್ದು ಅವರಿಗೆ ಏನೂ ಅನಿಸಲಿಲ್ಲ ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಎಷ್ಟೋ ದಿನ ಅವರು ಕೋರ್ಟಿನೊಳಗೆ ಬಂದವರೇ ಅಭ್ಯಾಸಬಲದಿಂದ ಸರ್ಕಾರಿ ವಕೀಲರ ಮೇಜಿನ ಕಡೆ ನಡೆದುಬಿಡುತ್ತಿದ್ದರು. ಅರ್ಧ ದಾರಿಯಲ್ಲಿ ನೆನಪಾಗಿ, ಯಾರನ್ನೋ ಹುಡುಕುತ್ತ ಬಂದವರ ಹಾಗೆ ಅತ್ತಿತ್ತ ನೋಡಿ, ಗೋಡೆ ಬದಿಯ ಬೆಂಚಿಗೆ ಹೋಗಿ ಕೂರುವರು. ಎಲ್ಲರೂ ಕಂಡೂ ಕಾಣದ ಹಾಗೆ ಕಾಗದದಲ್ಲಿ ಮುಖ ಇಟ್ಟುಕೊಳ್ಳುತ್ತಿದ್ದೆವು.

ಒಂದು ಸಂಜೆ ಮಲಪನಗುಡಿಗೆ ಹೋದೆ. ಮನೆಯಲ್ಲಿರಲಿಲ್ಲ. "ಬಾವಿ ಕಡೆ ಹೋಗ್ಯಾರ, ಅಲ್ಲೇ ಹೋಗ್ರಿ" ಎಂದರು ಅವರ ಹೆಂಡತಿ. ಊರಿನ ಹಳೆಯ ಮೆಟ್ಟಿಲುಬಾವಿಯ ಮೇಲಿನ ಮೆಟ್ಟಿಲಲ್ಲಿ ಕೂತಿದ್ದರು. ಕೆಳಗಿನ ಕಮಾನುಗಳಲ್ಲಿ ಆಗಲೇ ಕತ್ತಲು ತುಂಬಿ, ಪಾರಿವಾಳಗಳು ಒಳಗೊಳಗೇ ಗುಟುರುಗುಟ್ಟುತ್ತಿದ್ದವು. ನನ್ನಿಂದಾಗಿ ಹೀಗಾಯಿತೇ ಎಂದು ಕೇಳಬೇಕೆಂದುಕೊಂಡು ಹೋಗಿದ್ದೆ. ಕೇಳದೆಯೇ ಅವರಿಗೆ ತಿಳಿಯಿತು.

"ನಮ್ಮ ಯಜಮಾನ್ರನ್ನ ನಾ ಬಿಟ್ಟುಕೊಟ್ಟೆ ಅಂತ ಮಂದಿ ಅಂತಾರಂತ" ಎಂದರು. "ಇಲ್ಲಮ್ಮ. ಒಬ್ಬ ಹೆಣ್ಮಗಳು ಅವರ ಸಂಗಾಟ ಕರಾರು ಮಾಡ್ಯಾಳ. ಮಾತು ಕೊಟ್ಟವರು ಇವರು. ಬಾಗಲ ಹಿಂದ ಅಡಗಿ ಕುಂತ್ರ ಯಾರ ಮರ್ಯಾದಿ ಹೋಗ್ತೈತಿ? ಬರ್ರಿ, ಎದುರ ಬದುರ ಕುಂತು ಮಾತಾಡೂಣು ಅಂದೆ, ಅಷ್ಟ. ಸೋತ್ರೂ ಮರ್ಯಾದಿಲೆ ಸೋಲಲಿ." ಆಮೇಲೆ ನನ್ನ ಕಡೆ ತಿರುಗಿ, "ನೀವು ಆ ಬಂಡೆ ಬಂಡೆ ಅಂದದ್ದು ಚಲೋ ಇತ್ತು. ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ" ಎಂದರು.

ಹೊಸ ಸರ್ಕಾರಿ ವಕೀಲರು ಬಂದ ಮೊದಲ ದಿನವೇ ನೋಟಿಸಿನ ತಕರಾರನ್ನು ಮತ್ತೆ ಎತ್ತಿದರು. ಒಮ್ಮೆ ಬಿಟ್ಟುಕೊಟ್ಟದ್ದನ್ನು ಬೇಕಾದಾಗ ಎತ್ತಿಕೊಳ್ಳುವ ಹಾಗಿಲ್ಲ ಎಂದರು ನ್ಯಾಯಾಧೀಶರು. ದಾವೆ ನಿಧಾನವಾಗಿ ನಡೆದು, ಕರಾರು ಅದರ ಅವಧಿ ಮುಗಿಯುವ ತನಕ ಸಂಘದ್ದೇ ಎಂದು ತೀರ್ಪಾಯಿತು. ಹುಲಿಗೆಮ್ಮ ಮತ್ತು ಅವಳ ಹೆಂಗಸರು ಕೊನೆಯ ದಿನದವರೆಗೂ ನೀರು ಹೊತ್ತರು. ಆಮೇಲೆ ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಕಾರು ನಿಲ್ಲಿಸಿ ನೋಡಿದೆ. ಇಳಿಜಾರಿನ ಮೇಲೆ ತೆಳು ಹಸಿರು, ಗಾಳಿ ಬಂದರೆ ಅಲುಗುವಷ್ಟು ಎತ್ತರದ್ದು. ಅವರು ಮಾತ್ರ ಮತ್ತೆ ಆ ಗುಡ್ಡಕ್ಕೆ ಹೋಗಲಿಲ್ಲ. ಹುಲಿಗೆಮ್ಮ ಎಷ್ಟೋ ಸಲ ಹೇಳಿಕಳಿಸಿದ್ದಳು. "ಕೇಸು ಸೋತ ವಕೀಲ ಜಾಗ ನೋಡಾಕ ಹೋಗಬಾರದಮ್ಮ" ಎಂದು ನಗುತ್ತಿದ್ದರು.

ಅವರು ತೀರಿಕೊಂಡ ದಿನ ಮಲಪನಗುಡಿಯ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಮೆಟ್ರಿಯಿಂದ ಬಂದ ನೆಂಟರು, ವಕೀಲರ ಸಂಘದ ನಾವೆಲ್ಲ ಕುರ್ಚಿಗಳಲ್ಲಿ ಕೂತಿದ್ದೆವು. ಆಗ ಒಂದು ಟೆಂಪೋ ಬಂದು ನಿಂತಿತು. ಹೆಂಗಸರು ಇಳಿದರು, ಮುಂದೆ ಹುಲಿಗೆಮ್ಮ. ಯಾರೂ ಅಳುತ್ತಿರಲಿಲ್ಲ. ಸೀದಾ ನಡೆದು ಬಾಗಿಲಿಗೆ ಬಂದರು. ಬಂದವರನ್ನು ವಿಚಾರಿಸುತ್ತ ಬಾಗಿಲಲ್ಲಿ ನಿಂತಿದ್ದ, ತೀರಿಕೊಂಡವರ ಅಣ್ಣ, ಬಹಳ ವಯಸ್ಸಾದವರು, ಈ ಹೆಂಗಸರ ಗುರುತು ಹತ್ತದೆ ಕೇಳಿದರು. "ಯಾರ ಕಡೀಂದ ಬಂದ್ರಿ, ತಾಯಂದ್ರಾ? ಮೆಟ್ರಿ ಕಡೆಯವ್ರೋ, ಸೊಸಿ ಕಡೆಯವ್ರೋ?"

ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಇಲ್ರಿ ಯಪ್ಪಾ. ನಾವು ಎದುರು ಪಾರ್ಟಿಯವ್ರು."

ಹಿರಿಯರಿಗೆ ಏನು ಅರ್ಥವಾಯಿತೋ. ಅವರು ಪಕ್ಕಕ್ಕೆ ಸರಿದು, "ಬರ್ರಿ, ಒಳಗ ಬರ್ರಿ" ಎಂದರು.